ಒಂಬತ್ತು ಸಾವಿರದ ಅಭಿಮಾನಿಗಳಿಗೆ

ಸೆಕೆಂಡ್ ಹ್ಯಾಂಡ್ ಹೋಂಡಾ ಎಸ್2000 ಕೊಳ್ಳುವ ಆಸೆಯಿದ್ದರೆ ಅಮೆರಿಕದಲ್ಲಿರುವವರು 2004ರಿಂದ ಈಚಿನ ಕಾರನ್ನೇ ಹುಡುಕಲಿ, 2004 ಅಥವಾ 2005ರದ್ದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಕೈಬಿಡದಿರಲಿ ಎಂದು ಬರೆದಿದ್ದೆ. ಅಷ್ಟಕ್ಕೇ ಹಳೆಯ ಮಾದರಿಯ ಅಭಿಮಾನಿಗಳು, ಅವರ ಮನೆದೇವರನ್ನೇ ಬೈದವನಂತೆ ನನ್ನ ಮೇಲೆ ಬಿದ್ದಿದ್ದಾರೆ. ಕೆಲವರು ಲೆಕ್ಕ ಕೇಳಿದ್ದಾರೆ, ಕೆಲವರು ಜಾತಕ ಕೇಳಿದ್ದಾರೆ. ಲೆಕ್ಕ ಕೇಳಿದವರಿಗೆ ಮೊದಲು ಉತ್ತರ.

ಜಗಳದ ಹಿನ್ನೆಲೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಹೋಂಡಾ ಕಂಪನಿ ಶುರುವಾದದ್ದು 1948ರಲ್ಲಿ. ತನ್ನ ಐವತ್ತು ವರ್ಷದ ಸಂಭ್ರಮಕ್ಕೆಂದು ಅದು ಮಾಡಿಕೊಂಡ ಕಾರು ಎಸ್2000. ಮಾರಾಟಕ್ಕೆ ಬಂದದ್ದು 1999ರಲ್ಲಿ. ಎನ್‌ಎಸ್‌ಎಕ್ಸ್ ಮಾಡಿದ ಶಿಗೆರು ಉಎಹಾರಾ ಅವರೇ ಇದಕ್ಕೂ ಮುಖ್ಯ ಎಂಜಿನಿಯರ್. ಎರಡೇ ಸೀಟು, ಬಟ್ಟೆಯ ಟಾಪು, ಮುಂದಿನ ಆಕ್ಸಲ್ಲಿಗಿಂತ ಹಿಂದಕ್ಕೆ ಕೂರಿಸಿದ ಎಂಜಿನ್ನು, ಎಳೆತ ಹಿಂದಿನ ಚಕ್ರಗಳಿಗೆ. ಆರು ಗೇರಿನ ಮ್ಯಾನುಯಲ್ ಬಿಟ್ಟು ಬೇರೆ ಗೇರ್‌ಬಾಕ್ಸನ್ನು ಇದಕ್ಕೆ ಯಾವತ್ತೂ ಹಾಕಲಿಲ್ಲ. 2009ರಲ್ಲಿ ನಿಲ್ಲಿಸುವ ಹೊತ್ತಿಗೆ ಸುಮಾರು 1.1 ಲಕ್ಷ ಕಾರು ತಯಾರಾಗಿದ್ದವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಅಮೆರಿಕಕ್ಕೆ. ಇಲ್ಲಿ 2000ದಿಂದ 2003ರವರೆಗಿನದನ್ನು ಎಪಿ1 ಎನ್ನುತ್ತಾರೆ: 1997 ಸಿಸಿ, 9000 ಆರ್‌ಪಿಎಂವರೆಗೆ ಓಡುವ ಎಂಜಿನ್ನು. 2004ರಿಂದ ಎಪಿ2: 2157 ಸಿಸಿ, ಕೆಂಪು ಗೆರೆ 8000ಕ್ಕೆ ಇಳಿದಿದೆ. ಎರಡರದ್ದೂ ಶಕ್ತಿ 240 ಕುದುರೆ. ಆ ಒಂದು ಸಾವಿರ ಸುತ್ತು ಕಳೆದುಹೋದದ್ದೇ ಎಲ್ಲ ಸಿಟ್ಟಿಗೂ ಮೂಲ.

ಫ್ರೀಮಾಂಟ್‌ನ ಓದುಗರೊಬ್ಬರು ಕಳಿಸಿರುವುದು ಮೂರು ಪುಟ, ಆದರೆ ವಾದ ಒಂದೇ: ಒಂಬತ್ತು ಸಾವಿರ ಮುಟ್ಟದ ಎಸ್2000 ಎಸ್2000 ಅಲ್ಲ, ಹೋಂಡಾ ಹೆದರಿ, ಅಮೆರಿಕದ ಗಿರಾಕಿಗಳ ಸೋಮಾರಿತನಕ್ಕೆ ಮಣಿದು, ಎಂಜಿನ್ನಿನ ಕತ್ತು ಹಿಸುಕಿತು. ಹೆದರಿಕೆಯ ಮಾತನ್ನು ಮೊದಲು ನೋಡೋಣ. ಹಳೆಯ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 84 ಮಿಲಿಮೀಟರ್. 9000 ಆರ್‌ಪಿಎಂನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 25.2 ಮೀಟರ್ ಆಗುತ್ತದೆ. ಹೊಸದರಲ್ಲಿ ಸಿಲಿಂಡರಿನ ಅಗಲ ಹಾಗೇ ಉಳಿದು ಪಿಸ್ಟನ್ನಿನ ಓಡಾಟ 90.7 ಮಿಲಿಮೀಟರಿಗೆ ಏರಿತು. ಈಗ 8000ದಲ್ಲೇ ವೇಗ 24.2 ಮೀಟರ್. ಅಂದರೆ ಪಿಸ್ಟನ್ನಿನ ಸರಾಸರಿ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನಿಲ್ಲ. ಇದೇ ಎಂಜಿನ್ನನ್ನು 9000ಕ್ಕೆ ಎಳೆದಿದ್ದರೆ ವೇಗ 27 ಮೀಟರ್ ದಾಟುತ್ತಿತ್ತು. ವಾರಂಟಿ ಕೊಟ್ಟು ಮಾರುವ ಕಾರಿನಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಉದ್ದದ ಓಡಾಟಕ್ಕೆ ತೆತ್ತ ಬೆಲೆ ಆ ಸಾವಿರ ಸುತ್ತು. ಇದರಲ್ಲಿ ಸೋಮಾರಿತನ ಎಲ್ಲಿ ಬಂತು?

ಇನ್ನು ಆ ಒಂಬತ್ತು ಸಾವಿರವನ್ನು ನೀವು ಎಲ್ಲಿ ಬಳಸುತ್ತೀರಿ ಎಂಬುದು. ಎಪಿ1ರ ಗೇರುಗಳ ಅನುಪಾತ, ಮೂಲ ಟೈರಿನ ಅಳತೆ ಹಿಡಿದು ಲೆಕ್ಕ ಹಾಕಿದರೆ 9000ದಲ್ಲಿ ಒಂದನೇ ಗೇರು ಮುಗಿಯುವುದು ಸುಮಾರು 45 ಮೈಲಿಗೆ, ಎರಡನೆಯದು 68ಕ್ಕೆ, ಮೂರನೆಯದು 94ಕ್ಕೆ. ಕ್ಯಾಲಿಫೋರ್ನಿಯಾದ ಹೆಚ್ಚಿನ ಫ್ರೀವೇಗಳಲ್ಲಿ ಮಿತಿ 65. ಎರಡನೇ ಗೇರಿನ ಸುಖ ಪೂರ್ತಿ ಉಣ್ಣುವಷ್ಟರಲ್ಲೇ ಕಾನೂನು ಮುರಿದಾಗಿರುತ್ತದೆ. ಮೂರನೆಯದರ ಸುಖ ಉಂಡರೆ ಲೈಸೆನ್ಸು ಪೊಲೀಸರ ಕೈಯಲ್ಲಿ. ಈ ಭಾಗದ ನಮ್ಮವರು ಭಾನುವಾರ ಬೆಳಿಗ್ಗೆ ಹೋಗುವುದು ಸ್ಕೈಲೈನ್ ಬುಲೆವಾರ್ಡಿಗೆ ಅಥವಾ ಸಾರಟೋಗಾದಿಂದ ಬೆಟ್ಟ ಹತ್ತುವ ಹೆದ್ದಾರಿ 9ಕ್ಕೆ. ಅಲ್ಲಿ ತಿರುವಿನಿಂದ ಹೊರಬರುವಾಗ ವೇಗ ಗಂಟೆಗೆ 35 ಮೈಲಿ ಎಂದಿಟ್ಟುಕೊಳ್ಳಿ. ಎರಡನೇ ಗೇರಿನಲ್ಲಿ ಎಂಜಿನ್ನು ತಿರುಗುತ್ತಿರುವುದು ಸುಮಾರು 4600ರಲ್ಲಿ. ವಿಟೆಕ್‌ನ ದೊಡ್ಡ ಕ್ಯಾಮು (ವಾಲ್ವುಗಳನ್ನು ಹೆಚ್ಚು ತೆರೆಯುವಂಥದ್ದು) ಎಚ್ಚರಗೊಳ್ಳುವುದು ಸುಮಾರು 6000ಕ್ಕೆ. ಅಲ್ಲಿಯವರೆಗೆ ಹಳೆಯ ಕಾರು ಒಂದು ಸಾಧಾರಣ ಎರಡು ಲೀಟರಿನ ಹೋಂಡಾ. (ಒಂದನೇ ಗೇರಿಗೆ ಇಳಿಸಿದರೆ 7000 ಬರುತ್ತದಲ್ಲ ಎನ್ನುವವರೂ ಇದ್ದಾರೆ. ಅವರ ಗೇರ್‌ಬಾಕ್ಸಿಗೆ ದೇವರೇ ಗತಿ.) ಹೊಸ ಎಂಜಿನ್ನಿನ ಗರಿಷ್ಠ ಟಾರ್ಕ್ 153ರಿಂದ 162 ಪೌಂಡ್-ಅಡಿಗೆ ಏರಿದೆ, ಶೇ. 6ರಷ್ಟು. ಅದು ಸಿಗುವುದೂ ಕೆಳಗಿನ ಸುತ್ತಿನಲ್ಲೇ. ಸಾಲದ್ದಕ್ಕೆ ಮೊದಲ ನಾಲ್ಕು ಗೇರುಗಳನ್ನು ಶೇ. 4ರಷ್ಟು ಗಿಡ್ಡ ಮಾಡಿದ್ದಾರೆ. ಎರಡೂ ಸೇರಿ ಚಕ್ರಕ್ಕೆ ತಲುಪುವ ಒತ್ತು ಶೇ. 10ರಷ್ಟು ಹೆಚ್ಚು. ಬೆಟ್ಟದ ತಿರುವಿನಲ್ಲಿ, ಟ್ರಾಫಿಕ್ಕಿನಲ್ಲಿ, ಫ್ರೀವೇಗೆ ಸೇರಿಕೊಳ್ಳುವಾಗ ಗೊತ್ತಾಗುವುದು ಈ ಹತ್ತು.

ಆದರೆ ಇದೇ ಲೆಕ್ಕದಲ್ಲಿ ಹಳೆಯ ಕಾರಿನ ಪರವಾಗಿರುವ ಅಂಕಿಯೂ ಇದೆ, ಫ್ರೀಮಾಂಟ್‌ನವರು ಅದನ್ನು ಬರೆಯದೆ ಬಿಟ್ಟದ್ದೇ ಆಶ್ಚರ್ಯ. ಎಪಿ1ರಲ್ಲಿ ಎರಡನೇ ಗೇರನ್ನು 9000ದವರೆಗೆ ಎಳೆದು ಮೂರಕ್ಕೆ ಹಾಕಿದರೆ ಎಂಜಿನ್ನು 6500ಕ್ಕೆ ಬೀಳುತ್ತದೆ. ದೊಡ್ಡ ಕ್ಯಾಮಿನ ಮೇಲೇ ಉಳಿಯುತ್ತದೆ. ಎಪಿ2ರಲ್ಲಿ 8000ಕ್ಕೆ ಬದಲಿಸಿದರೆ ಬೀಳುವುದು 5800ಕ್ಕೆ. ಕೂಗುತ್ತಿದ್ದ ಎಂಜಿನ್ನು ಒಂದು ಗಳಿಗೆ ದನಿ ತಗ್ಗಿಸಿ ಮತ್ತೆ ಏರಿಸುತ್ತದೆ. ರೇಸ್ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಇದು ನಿಜವಾದ ನಷ್ಟ. ಲಗೂನಾ ಸೆಕಾದಲ್ಲಿ ದಿನವಿಡೀ 6000ದ ಮೇಲೇ ಬದುಕುವವರು ಹಳೆಯದನ್ನೇ ಕೊಳ್ಳಲಿ, ನನ್ನ ತಕರಾರಿಲ್ಲ. ಅವರಿಗಾಗಿ ನಾನು ಬರೆದೂ ಇರಲಿಲ್ಲ. ವಾರಕ್ಕೊಮ್ಮೆ ಬೆಟ್ಟ, ಉಳಿದ ದಿನ ಆಫೀಸು ಎನ್ನುವವರಿಗಾಗಿ ಬರೆದದ್ದು.

ಎರಡನೆಯ ಆಕ್ಷೇಪ ಡಲ್ಲಾಸ್‌ನಿಂದ ಬಂದಿದೆ. ಹಳೆಯ ಎಂಜಿನ್ನುಗಳು ಸಿಡಿದ ಕಥೆಯೆಲ್ಲ ಅತಿಶಯ, 9000ಕ್ಕೆ ರೆವ್ ಲಿಮಿಟರ್ ಇದ್ದಮೇಲೆ ಅದನ್ನು ಮೀರಿ ಓಡಿಸುವುದಾದರೂ ಹೇಗೆ ಎಂದು ಕೇಳಿದ್ದಾರೆ. ಪ್ರಶ್ನೆ ಚೆನ್ನಾಗಿದೆ, ಉತ್ತರ ಕಹಿ. ಲಿಮಿಟರ್ ಮಾಡುವುದು ಪೆಟ್ರೋಲು ನಿಲ್ಲಿಸುವ ಕೆಲಸ ಮಾತ್ರ. ಎಂಜಿನ್ನನ್ನು ಚಕ್ರಗಳೇ ಹಿಡಿದು ತಿರುಗಿಸಿದರೆ ಅದು ಏನೂ ಮಾಡಲಾರದು. ಮೂರನೇ ಗೇರಿನಲ್ಲಿ 8500 ಮುಟ್ಟಿಸಿ ನಾಲ್ಕಕ್ಕೆ ಎಳೆಯಬೇಕಾದ ಕೈ ಅವಸರದಲ್ಲಿ ಎಡಕ್ಕೆ ಜಾರಿ ಎರಡಕ್ಕೆ ಹೋಯಿತೆನ್ನಿ. ಕ್ಲಚ್ಚು ಬಿಟ್ಟ ಕ್ಷಣ ಎಂಜಿನ್ನು 11,700ಕ್ಕೆ ಹಾರುತ್ತದೆ. ಯಾವ ಲಿಮಿಟರೂ ಅಡ್ಡ ಬರುವುದಿಲ್ಲ. ಆಗ ಪೆಟ್ಟು ತಿನ್ನುವುದು ವಾಲ್ವಿನ ಸ್ಪ್ರಿಂಗನ್ನು ಮೇಲಿನಿಂದ ಹಿಡಿದಿಡುವ ಪುಟ್ಟ ಬಿಲ್ಲೆ, ರಿಟೇನರ್. ಎಪಿ1ರ ರಿಟೇನರುಗಳು ಇಂಥ ಪೆಟ್ಟಿಗೆ ಬಿರುಕು ಬಿಡುತ್ತವೆ. ಕೆಟ್ಟ ಸಂಗತಿಯೆಂದರೆ ಅಂದೇ ಏನೂ ಆಗುವುದಿಲ್ಲ. ಕಾರು ಎಂದಿನಂತೆ ಓಡುತ್ತದೆ, ಮಾಲೀಕ ಕಾರು ಮಾರುತ್ತಾನೆ, ಕೊಂಡವನ ಕೈಯಲ್ಲಿ ಒಂದು ದಿನ ಬಿಲ್ಲೆ ತುಂಡಾಗಿ ವಾಲ್ವು ಸಿಲಿಂಡರಿನೊಳಗೆ ಬೀಳುತ್ತದೆ.

ಅಲ್ಲಿಂದ ಮುಂದೆ ಖರ್ಚಿಗೆ ಮಿತಿಯಿಲ್ಲ. ಈ ಎಂಜಿನ್ನಿನ ಸಿಲಿಂಡರ್ ಗೋಡೆಗಳು ಮಾಮೂಲಿ ಕಬ್ಬಿಣದ ತೋಳುಗಳಲ್ಲ. ಅಲ್ಯುಮಿನಿಯಮ್ಮಿನಲ್ಲಿ ಕಾರ್ಬನ್ ಮತ್ತು ಅಲ್ಯುಮಿನಾದ ನಾರು ಬೆರೆಸಿ ಎರಕ ಹೊಯ್ದದ್ದು. ಗೀರು ಬಿದ್ದರೆ ಪಕ್ಕದ ಬೀದಿಯ ಬೋರಿಂಗ್ ಅಂಗಡಿಗೆ ಕೊಟ್ಟು ಕೆತ್ತಿಸಿ ತರುವ ಹಾಗಿಲ್ಲ. ಹೊಸ ಎಂಜಿನ್ನಿನದೂ ಇದೇ ಗೋಡೆ, ಒಪ್ಪುತ್ತೇನೆ. ಆದರೆ ಅದರ ರಿಟೇನರುಗಳನ್ನು ಹೋಂಡಾ ಗಟ್ಟಿ ಮಾಡಿದೆ. ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಎಪಿ2ರಲ್ಲಿ ಅದೇ ತಪ್ಪನ್ನು ಮಾಡುವವನು ಕೆಂಪು ಗೆರೆಯ ಹತ್ತಿರ, 7800ರ ಆಸುಪಾಸಿನಲ್ಲಿರುತ್ತಾನೆ; ಎಂಜಿನ್ನು ಹಾರುವುದು 10,800ಕ್ಕೆ. ಅದೂ ಅನಾಹುತವೇ. ಆದರೂ ಸುಮಾರು ಒಂಬೈನೂರು ಸುತ್ತು ಕಡಿಮೆಯ ಅನಾಹುತ, ಗಟ್ಟಿ ಬಿಲ್ಲೆಯ ಮೇಲೆ. ಕೆಂಪು ಗೆರೆ ಇಳಿಸಿದ್ದನ್ನು ಬೈಯುವವರು ಆ ಗೆರೆ ಕೈತಪ್ಪಿದ ದಿನ ಏನು ಮಾಡುತ್ತದೆಂದು ಯೋಚಿಸಿದ್ದಾರೋ ಇಲ್ಲವೋ.

ಡಲ್ಲಾಸ್‌ನವರು ತಮ್ಮ 2001ರ ಕಾರು ಇನ್ನೂ ಮೂಲ ಎಂಜಿನ್ನಿನಲ್ಲೇ ಓಡುತ್ತಿದೆ ಎಂದು ಸಾಕ್ಷಿ ಕೊಟ್ಟಿದ್ದಾರೆ. ನಂಬುತ್ತೇನೆ, ಕಾರಿಗೂ ಮಾಲೀಕರಿಗೂ ನಮಸ್ಕಾರ. ಮೊದಲಿನಿಂದ ಒಂದೇ ಕೈಯಲ್ಲಿದ್ದು, ಗೇರು ತಪ್ಪಿಸದ ಕೈಯಲ್ಲಿದ್ದು ಬಾಳಿದ ಕಾರು ಅದು. ಆದರೆ ಮಾರುಕಟ್ಟೆಗೆ ಬರುವುದು ಅವರ ಕಾರಲ್ಲ. ನಾಲ್ಕೈದು ಕೈ ದಾಟಿ, ಅದರಲ್ಲಿ ಒಬ್ಬನಾದರೂ ಇಪ್ಪತ್ತೆರಡರ ಹುಡುಗನಾಗಿದ್ದು, ಸಿನಿಮಾ ನೋಡಿ ಕೊಂಡಿದ್ದ ಕಾರು. 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ನಲ್ಲಿ ಕಪ್ಪು ಎಸ್2000, 2003ರ ಎರಡನೇ ಭಾಗದಲ್ಲಿ ಗುಲಾಬಿ ಎಸ್2000 ಕಾಣಿಸಿಕೊಂಡ ಮೇಲೆ ಈ ಕಾರಿಗೆ ಎಂಥ ಗಿರಾಕಿಗಳು ಬಂದರೆಂದು ಹಳಬರಿಗೆ ಗೊತ್ತು.

ಮೂರನೆಯದು ಗಾದೆಯ ಪತ್ರ. ಎಪಿ1ರ ಹಿಂಬದಿ ಹಠಾತ್ತನೆ ಜಾರುತ್ತದೆ ಎಂದು ನಾನು ಬರೆದಿದ್ದಕ್ಕೆ ‘ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ’ ಎಂದಷ್ಟೇ ಬರೆದು ಸಹಿ ಹಾಕಿದ್ದಾರೆ. ಈ ಪ್ರಸಂಗದಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು ಸ್ವಾಮಿ, 2004ರಲ್ಲಿ ಹೋಂಡಾದವರೇ ಬಂದು ಸಮ ಮಾಡಿದರು.

ಡೊಂಕು ಯಾವುದೆಂದರೆ, ಹಳೆಯ ಕಾರಿನ ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ಚಕ್ರಗಳ ಮೂತಿ ಒಳಕ್ಕೆ ತಿರುಗುತ್ತದೆ, ಹಿಗ್ಗಿದಾಗ ಆ ತಿರುವು ಸಡಿಲುತ್ತದೆ. ಎಲ್ಲ ಕಾರಿನಲ್ಲೂ ಸ್ವಲ್ಪ ಇರುತ್ತದೆ. ಇದರಲ್ಲಿ ತುಸು ಜಾಸ್ತಿಯೇ ಇಟ್ಟಿದ್ದರು. ತಿರುವಿನಲ್ಲಿ ಆಕ್ಸಿಲರೇಟರು ಒತ್ತಿಹಿಡಿದಿರುವಷ್ಟು ಹೊತ್ತು ಭಾರ ಹಿಂದೆ ಕೂತಿರುತ್ತದೆ, ಚಕ್ರಗಳು ಒಳಮುಖವಾಗಿ ನೆಲ ಕಚ್ಚಿರುತ್ತವೆ, ಚಾಲಕ ತನ್ನನ್ನು ತಾನು ಮಹಾಶೂರನೆಂದು ತಿಳಿಯುತ್ತಾನೆ. ನಡುವೆ ಎಲೆಯೋ ಮರಳೋ ಕಂಡು ಗಾಬರಿಯಿಂದ ಕಾಲೆತ್ತಿದರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂಬದಿ ಮೇಲೇಳುತ್ತದೆ, ಚಕ್ರಗಳ ಒಳಮುಖ ಬಿಚ್ಚಿಕೊಳ್ಳುತ್ತದೆ. ಹಿಡಿತ ಅತ್ಯಂತ ಬೇಕಾದ ಗಳಿಗೆಯಲ್ಲೇ ಕಾರು ಅದನ್ನು ಕಿತ್ತುಕೊಳ್ಳುತ್ತದೆ. ಚಾಲಕನ ತಪ್ಪು ಇಲ್ಲವೆಂದಲ್ಲ. ಆದರೆ ಗಾಬರಿಯಲ್ಲಿ ಕಾಲೆತ್ತುವುದು ಮನುಷ್ಯ ಸಹಜ. ಅದಕ್ಕೆ ಇಷ್ಟು ದೊಡ್ಡ ಶಿಕ್ಷೆ ಕೊಡುವ ಕಾರನ್ನು ಅನುಭವವಿಲ್ಲದವರಿಗೆ ಶಿಫಾರಸು ಮಾಡಲಾರೆ. 2004ರಲ್ಲಿ ಹಿಂದಿನ ಜೋಡಣೆಯ ರೇಖೆಗಳನ್ನು ಬದಲಿಸಿ ಈ ತಿರುಗುವಿಕೆಯನ್ನು ಕಡಿಮೆ ಮಾಡಿದರು, ಹಿಂದಿನ ಸ್ಪ್ರಿಂಗುಗಳನ್ನು ಮೆದುಗೊಳಿಸಿದರು, 16 ಇಂಚಿನ ಚಕ್ರದ ಬದಲು 17 ಇಂಚಿನದು ಬಂತು, ಹಿಂದಿನ ಟೈರು 225ರಿಂದ 245ಕ್ಕೆ ಅಗಲವಾಯಿತು. ಎಲ್ಲವೂ ಒಂದೇ ದಿಕ್ಕಿನ ಬದಲಾವಣೆ. ಕುಣಿಯಲು ಬರುವವರಿಗಾಗಿ ಮಾಡಿದ್ದೇವೆಂದು ಹೋಂಡಾ ಸುಮ್ಮನೆ ಕೂತಿದ್ದರೆ ಇಷ್ಟೆಲ್ಲ ಖರ್ಚು ಮಾಡುತ್ತಿರಲಿಲ್ಲ.

ಇದಕ್ಕೆ ಬರುವ ಮರುಮಾತೂ ಗೊತ್ತು: ಇವತ್ತಿನ ಒಳ್ಳೆಯ ಟೈರು ಹಾಕಿ, ಅಲೈನ್‌ಮೆಂಟ್ ಸರಿಯಾಗಿ ಮಾಡಿಸಿ, ಎಪಿ2ರ 17 ಇಂಚಿನ ಚಕ್ರ ಹಾಕಿದರೆ ಹಳೆಯ ಕಾರೂ ಸಾಧುವಾಗುತ್ತದೆ. ಆಗುತ್ತದೆ, ಬಹುಮಟ್ಟಿಗೆ. ಇದೇ ಪತ್ರಗಳಲ್ಲಿ ಬೇರೆ ಬೇರೆ ಕಡೆ ಕೊಟ್ಟಿರುವ ಸಲಹೆಗಳನ್ನೂ ಒಟ್ಟು ಮಾಡಿ ನೋಡಿದೆ. ರಿಟೇನರಿನ ಭಯವಿದ್ದರೆ ಎಪಿ2ರ ರಿಟೇನರು ಹಾಕಿಸಿ. ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮಿಸುವ ಬೋಲ್ಟಿನಲ್ಲಿ ಮೊದಲ ಕಾರುಗಳಿಗೆ ಎರಡೇ ತೂತು, ನಂತರ ಬಂದ ನಾಲ್ಕು ತೂತಿನದನ್ನು ಹಾಕಿಸಿ. 2000 ಮತ್ತು 2001ರ ಕಾರಿಗೆ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು, ಹಳದಿಯಾಗಿ ಬಿರಿಯುತ್ತದೆ, 2002ರಿಂದ ಬಂದ ಗಾಜಿನ ಕಿಟಕಿಯ ಟಾಪು ಹಾಕಿಸಿ. ಎರಡನೇ ಗೇರು ಕರಕರ ಎಂದರೆ ಹೊಸ ಸಿಂಕ್ರೊ. ಚಕ್ರ, ಟೈರು ಆಗಲೇ ಹೇಳಿಯಾಯಿತು. ಹಳೆಯ ಕಾರಿನ ಅಭಿಮಾನಿಗಳು ಹಳೆಯ ಕಾರಿಗೆ ಬರೆದುಕೊಡುವ ಮದ್ದೆಲ್ಲವೂ ಹೊಸ ಕಾರಿನ ಪಾರ್ಟ್ಸ್ ಪಟ್ಟಿಯಿಂದಲೇ ಬರುತ್ತಿದೆಯಲ್ಲ! ನನ್ನ ಪರ ಇದಕ್ಕಿಂತ ಬಲವಾದ ವಾದವನ್ನು ನಾನೇ ಬರೆಯಲಾರೆ.

ಇಂಗ್ಲೆಂಡಿನ ರೆಡಿಂಗ್‌ನಿಂದ ಬರೆದವರದು ಬೇರೆಯೇ ತಕರಾರು. ಎಪಿ1, ಎಪಿ2 ಎಂಬ ಈ ಕಾಳಗವೇ ಸುಳ್ಳು, ನಮ್ಮಲ್ಲಿ 2007ರ ಕಾರೂ 9000ಕ್ಕೇ ಹೋಗುತ್ತದೆ ಎಂದಿದ್ದಾರೆ. ಅವರ ಮಾತು ಸತ್ಯ. 2.2 ಲೀಟರಿನ ಎಂಜಿನ್ನು ಯುರೋಪಿಗೆ ಹೋಗಲೇ ಇಲ್ಲ. ಅಲ್ಲಿ 2009ರವರೆಗೂ 1997 ಸಿಸಿಯೇ. ಜಪಾನಿಗೂ ಅದು ಬಂದದ್ದು 2005ರ ಕೊನೆಗೆ. ಆದರೆ 17 ಇಂಚಿನ ಚಕ್ರ, ತಿದ್ದಿದ ಸಸ್ಪೆನ್ಷನ್ 2004ರ ಹೊತ್ತಿಗೆ ಅವರಿಗೂ ತಲುಪಿದವು. ಹಾಗಾಗಿ ಅವರ ಭಾಗ್ಯ ದೊಡ್ಡದು: 2004ರ ನಂತರದ ಬ್ರಿಟಿಷ್ ಕಾರು ಕೊಂಡರೆ ಹಳೆಯ ಎಂಜಿನ್ನಿನ ಕೂಗೂ ಸಿಗುತ್ತದೆ, ಹೊಸ ಕಾರಿನ ನಡತೆಯೂ ಸಿಗುತ್ತದೆ. ಅವರಿಗೆ ನನ್ನ ಸಲಹೆ ಅದೇ, ಈಚಿನದು. ಫ್ರೀಮಾಂಟ್‌ನವರು ತಾವೂ ರೆಡಿಂಗ್‌ನವರೂ ನನ್ನ ವಿರುದ್ಧ ಒಂದೇ ಪಕ್ಷದಲ್ಲಿದ್ದೇವೆಂದು ತಿಳಿಯುವುದು ಬೇಡ. ರೆಡಿಂಗ್‌ನವರ ಕಾರೇ ಫ್ರೀಮಾಂಟ್‌ನವರ ವಾದಕ್ಕೆ ಎದುರು ನಿಂತಿದೆ: ತಿದ್ದಿದ ಕಾರಿಗೆ 9000 ಇದ್ದರೂ ಅದನ್ನು ಯಾರೂ ‘ಶುದ್ಧ’ ಎಂದು ಕೊಂಡಾಡುವುದಿಲ್ಲ. ಅಂದಮೇಲೆ ಶುದ್ಧಿ ಇರುವುದು ಎಂಜಿನ್ನಿನಲ್ಲೋ ತಯಾರಾದ ವರ್ಷದಲ್ಲೋ?

ಹಣದ ಮಾತಿಗೆ ಬಂದವರು ಎರಡು ಬಗೆ. ಹಳೆಯದು ಅಗ್ಗ ಎನ್ನುವವರು ಒಂದು ಕಡೆ, ಮುಂದೆ ಬೆಲೆ ಏರುವುದು ಮೊದಲ ಮಾದರಿಗೇ ಎನ್ನುವವರು ಇನ್ನೊಂದು ಕಡೆ. ಮೊದಲ ಬಗೆಯವರಿಗೆ ಮೇಲಿನ ಮದ್ದಿನ ಪಟ್ಟಿಯನ್ನೇ ತೋರಿಸುತ್ತೇನೆ. ಪಾರ್ಟ್ಸಿಗಿಂತ ಕೂಲಿ ಹೆಚ್ಚಾಗುವ ಊರು ಇದು. ಎರಡನೆಯವರು ಹರಾಜಿನ ಫಲಿತಾಂಶ ನೋಡಲಿ. ಎಸ್2000ಗಳಲ್ಲಿ ಒಂದು ಲಕ್ಷ ಡಾಲರ್ ದಾಟಿ ಸುದ್ದಿ ಮಾಡಿದ್ದು 2008–09ರ ಸಿಆರ್ ಎಂಬ ಆವೃತ್ತಿ. ಅಮೆರಿಕಕ್ಕೆಂದು ಸುಮಾರು 700 ಮಾಡಿದರಷ್ಟೆ. ಅದರದು 2.2 ಲೀಟರ್ ಎಂಜಿನ್ನು, ಕೆಂಪು ಗೆರೆ 8000. ಬೆಲೆ ಏರಲೆಂದು ಕಾರು ಕೊಂಡು ಹೊದಿಸಿಡುವವರಿಗೆ ಗೇರು, ಸಸ್ಪೆನ್ಷನ್ ಯಾವುದಿದ್ದರೇನು, ಅವರೊಂದಿಗೆ ಈ ಚರ್ಚೆಯೇ ಬೇಡ.

ಇಲ್ಲಿಯವರೆಗೆ ಎದುರಿನಿಂದ ಬಂದ ಬಾಣಗಳು. ಹಿಂದಿನಿಂದ ಬಂದದ್ದು ಒಂದಿದೆ, ಅದು ಹೆಚ್ಚು ನಾಟಿತು. ಸಿಯಾಟಲ್‌ನ ತಾಯಿಯೊಬ್ಬರು ಕೇಳಿದ್ದಾರೆ: ಈಚಿನದೇ ಒಳ್ಳೆಯದೆನ್ನುವ ನೀವು 2005ಕ್ಕೆ ಯಾಕೆ ನಿಂತಿರಿ? 2006ರಿಂದ ಕಾರು ಜಾರಿದಾಗ ತಾನೇ ಬ್ರೇಕು ಹಿಡಿದು ಸರಿಪಡಿಸುವ ವಿಎಸ್‌ಎ ಬಂತಲ್ಲ, ಅದನ್ನು ಬಿಟ್ಟು ನನ್ನ ಮಗನಿಗೆ ಹಿಂದಿನ ವರ್ಷದ್ದನ್ನು ಕೊಳ್ಳಲು ಯಾಕೆ ಹೇಳುತ್ತೀರಿ? ತಿರುವಿನಲ್ಲಿ ಕಾಲೆತ್ತುವ ಮನುಷ್ಯ ಸಹಜ ಗಾಬರಿಯ ಬಗ್ಗೆ ಇಷ್ಟು ಬರೆದವನು ಈ ಪ್ರಶ್ನೆಯಿಂದ ನುಣುಚಿಕೊಳ್ಳುವ ಹಾಗಿಲ್ಲ. ನಾನು 2004–05 ಎಂದದ್ದಕ್ಕೆ ಕಾರಣ ಆಕ್ಸಿಲರೇಟರು. 2006ರಿಂದ ಪೆಡಲಿಗೂ ಎಂಜಿನ್ನಿಗೂ ನಡುವೆ ತಂತಿಯ ಬದಲು ಎಲೆಕ್ಟ್ರಾನಿಕ್ಸ್ ಬಂತು. ಕಾಲು ಮತ್ತು ಎಂಜಿನ್ನಿನ ನಡುವೆ ಉಕ್ಕಿನ ಕೇಬಲ್ಲೇ ಇರಲಿ ಎನ್ನುವುದು ನನ್ನ ರುಚಿ, ಅದಕ್ಕೆ ಲೆಕ್ಕದ ಬೆಂಬಲವೇನೂ ಇಲ್ಲ. ಸಿಯಾಟಲ್ ಮಳೆಯ ಊರು. ಹಿಂದಿನ ಚಕ್ರ ಎಳೆಯುವ ಕಾರನ್ನು ಮೊದಲ ಸಲ ಓಡಿಸುವವರಿಗೆ, ವರ್ಷದ ಅರ್ಧ ಒದ್ದೆ ರಸ್ತೆಯಲ್ಲಿ ಓಡಾಡುವವರಿಗೆ 2006ರ ನಂತರದ್ದೇ ಸರಿ. ಈ ಮಾತಿನಲ್ಲಿ ಅಮ್ಮ ಗೆದ್ದರು. ಆದರೆ ಅವರು ಕೇಳದ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಮಗನಿಗೆ ಇದು ಮೊಟ್ಟಮೊದಲ ಕಾರಾಗುವುದಾದರೆ ಯಾವ ವರ್ಷದ್ದೂ ಬೇಡ. ಎರಡು ವರ್ಷ ಒಂದು ಸಿವಿಕ್ ಓಡಿಸಲಿ.

ಬಸವನಗುಡಿಯಿಂದ ಬಂದ ಪ್ರಶ್ನೆ ಚಿಕ್ಕದು: ಕ್ಯಾಲಿಫೋರ್ನಿಯಾದಲ್ಲಿ ಕೂತು ನೀವು ಹೊಗಳುವ ಈ ಕಾರನ್ನು ಬೆಂಗಳೂರಿಗೆ ತರಬಹುದೇ? ತರಲಾಗದು. ತಯಾರಾಗಿ ಮೂರು ವರ್ಷ ಮೀರಿದ ಬಳಸಿದ ಕಾರನ್ನು ಆಮದು ಮಾಡಿಕೊಳ್ಳಲು ಭಾರತದ ನಿಯಮ ಬಿಡುವುದಿಲ್ಲ, ಸ್ಟಿಯರಿಂಗೂ ಬಲಗಡೆ ಇರಬೇಕು. ಕೊನೆಯ ಎಸ್2000 ತಯಾರಾದದ್ದೇ 2009ರಲ್ಲಿ. ಹೋಂಡಾ ಇದನ್ನು ಭಾರತದಲ್ಲಿ ಯಾವತ್ತೂ ಮಾರಲೂ ಇಲ್ಲ. ಬಸವನಗುಡಿಯವರು ಅದೇ ಕಾಲದ ಹೋಂಡಾ ಸಿಟಿ 1.5 ವಿಟೆಕ್ ಒಂದನ್ನು ಚೆನ್ನಾಗಿಟ್ಟುಕೊಂಡವರನ್ನು ಹುಡುಕಿ ಒಂದು ಸುತ್ತು ಕೇಳಿ ಪಡೆಯಲಿ. ಸೂಜಿ ಮೇಲೇರಿದಂತೆ ದನಿ ಬದಲಾಗುವ ಆ ರೋಗದ ಪರಿಚಯ ಅಲ್ಲೇ ಆಗುತ್ತದೆ. ನಮ್ಮಲ್ಲಿ ಎಷ್ಟೋ ಮಂದಿಗೆ ಅಂಟಿದ್ದೂ ಅಲ್ಲೇ.

ಈಗ ಜಾತಕ ಕೇಳಿದವರು. ‘ನಿಮ್ಮ ಬಳಿ ಇರುವುದು ಯಾವ ವರ್ಷದ್ದು?’ 2005ರದ್ದು. ಇದ್ದುದನ್ನು ಹೊಗಳುತ್ತಾನೆ ಎಂದು ನಗುವವರು ನಗಲಿ. ಆದರೆ ನನ್ನ ಕಾರಿನ ದೋಷಗಳನ್ನು ಕೇಳಿದರೆ ಅವನ್ನೂ ಹೇಳುತ್ತೇನೆ. 2004ರಿಂದ ಕ್ಲಚ್ಚಿನ ಎಣ್ಣೆ ಹರಿಯುವ ದಾರಿಯಲ್ಲಿ ಒಂದು ತಡೆ ಕೂರಿಸಿದ್ದಾರೆ, ಕ್ಲಚ್ಚು ಕಾಲಿನ ಮಾತು ಕೇಳುವುದು ಅರೆಗಳಿಗೆ ತಡವಾಗಿ. ಬೇಗ ಗೇರು ಬದಲಿಸುವವರಿಗೆ ಅದು ಕಿರಿಕಿರಿ, ಹಳೆಯ ಕಾರು ಈ ವಿಷಯದಲ್ಲಿ ಚುರುಕು. ಟೈಮಿಂಗ್ ಚೈನಿನ ಟೆನ್ಷನರು ಸವೆದು ಬೆಳಗಿನ ಹೊತ್ತು ಗಡಗಡ ಎನ್ನುವ ಕಾಯಿಲೆ ಎರಡಕ್ಕೂ ಇದೆ, ನನ್ನದಕ್ಕೂ ಬಂದಿತ್ತು. ಸ್ಟಿಯರಿಂಗ್ ಎರಡರಲ್ಲೂ ಮೌನಿ, ರಸ್ತೆ ಏನು ಹೇಳುತ್ತಿದೆ ಎಂಬುದನ್ನು ಕೈಗೆ ಪೂರ್ತಿ ಮುಟ್ಟಿಸುವುದಿಲ್ಲ. ಇದನ್ನು ಎರಡೂ ಪಕ್ಷದವರು ಒಪ್ಪುವುದಿಲ್ಲವೆಂದು ಗೊತ್ತು.

ಕೊನೆಗೆ ಎಲ್ಲರ ಪರವಾಗಿ ಡಲ್ಲಾಸ್‌ನವರೇ ಕೇಳಿದ ಪ್ರಶ್ನೆ: ಯಾವ ಸ್ಥಿತಿಯಲ್ಲಿ ನೀವು ಹಳೆಯದನ್ನು ಕೊಳ್ಳಲು ಒಪ್ಪುತ್ತೀರಿ? ಹೇಳುತ್ತೇನೆ. ವಾಲ್ವ್ ಕವರು ಬಿಚ್ಚಿ ಹದಿನಾರೂ ರಿಟೇನರುಗಳನ್ನು ಟಾರ್ಚು ಹಾಕಿ ನೋಡಲು ಮಾರುವವರು ಬಿಡಬೇಕು. ಕಂಪ್ರೆಷನ್, ಲೀಕ್‌ಡೌನ್ ಎರಡೂ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರಿನ ಅಂಕಿಗಳು ಒಂದಕ್ಕೊಂದು ಹತ್ತಿರವಿರಬೇಕು, ನಾಲ್ಕನೆಯದನ್ನು ಎರಡು ಸಲ ನೋಡಬೇಕು. ಆಯಿಲ್ ಎಷ್ಟು ಕುಡಿಯುತ್ತದೆಂದು ಬರೆದಿಟ್ಟ ಲೆಕ್ಕವಿರಬೇಕು. ಚಾಸಿ ನಂಬರು ಬಾನೆಟ್ಟು, ಬಂಪರು, ಬಾಗಿಲಿನ ಸ್ಟಿಕ್ಕರುಗಳಲ್ಲಿ ಒಂದೇ ಆಗಿರಬೇಕು. ಜಾರಿ ಗುದ್ದಿದ ಕಾರುಗಳು ಈ ಜಾತಿಯಲ್ಲಿ ಬಹಳ, ಪೇಂಟಿನ ಕೆಳಗಿನ ಪೆಟ್ಟು ಕಾಣುವುದಿಲ್ಲ, ಸ್ಟಿಕ್ಕರು ಮಾತ್ರ ಸುಳ್ಳು ಹೇಳುವುದಿಲ್ಲ. ಅಂಥ 2002 ಅಥವಾ 2003ರ ಕಾರು ಒಂದು ಕಡೆ, ಸಾಲ್ವೇಜ್ ಟೈಟಲ್ಲಿನ 2005ರದ್ದು ಇನ್ನೊಂದು ಕಡೆ ನಿಂತಿದ್ದರೆ ನಾನು ಹಳೆಯದರ ಕೀಲಿ ಕೇಳುತ್ತೇನೆ, 9000ಕ್ಕೂ ಒಂದು ಸಲ ಹೋಗಿ ಬರುತ್ತೇನೆ. ಡಲ್ಲಾಸ್‌ನವರು ತಮ್ಮದನ್ನು ಮಾರುವ ಯೋಚನೆ ಮಾಡಿದರೆ ಮೊದಲು ನನಗೆ ತಿಳಿಸಲಿ.